ಔಡಲೆಣ್ಣೆಯ ಇಪ್ಪತ್ತೈದು ನಿಮಿಷ

ಬಂಧುಗಳೆಲ್ಲ ಬೈಲಹೊಂಗಲದ ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ ಕೇತಕಿ ಎದ್ದಾಗ ಮನೆಯಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಹನ್ನೊಂದು ದಿನ ಯಾರಾದರೊಬ್ಬರು ಚಹಾ ಕೇಳುತ್ತಿದ್ದರು, ಚಾಪೆ ಕೇಳುತ್ತಿದ್ದರು, ಬಾತ್‌ರೂಮಿನ ದೀಪದ ಸ್ವಿಚ್ಚು ಎಲ್ಲಿದೆ ಎಂದು ಕೇಳುತ್ತಿದ್ದರು. ಈಗ ಮರಾಠಿ ಸೀಮೆಯ ಕೋಥರೂಡ ಬಡಾವಣೆಯ ಆ ಮೂರನೇ ಮಹಡಿಯ ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ ಶಿವಬಸವ್ವ, ಇಬ್ಬರೇ. ಅತ್ತೆ ಏನನ್ನೂ ಕೇಳುತ್ತಿರಲಿಲ್ಲ.

ಬಾಗಿಲ ಹಿಂದಿನ ಮೊಳೆಗೆ ಗಂಡ ಪ್ರೇಮಕುಮಾರನ ಚೀಲ ನೇತಾಡುತ್ತಿತ್ತು. ಪೊಲೀಸರು ಅದನ್ನು ಕೊಟ್ಟ ದಿನ ಯಾರೋ ಅಲ್ಲಿ ತೂಗುಹಾಕಿದ್ದರು. ಅದರ ಹೊರಜೇಬಿನ ಜಾಳಿಗೆಯೊಳಗೆ ಒಂದು ಹಸಿರು ಚುಕ್ಕಿ ಹೊತ್ತಿತು, ಆರಿತು. ಕೇತಕಿ ನಿಂತು ಎಣಿಸಿದಳು. ಹತ್ತಕ್ಕೆ ಮತ್ತೆ ಹೊತ್ತಿತು.

ತೇವದ ಡಬ್ಬಿ. ಪ್ರೇಮಕುಮಾರ ಅದನ್ನು ಹಾಗೆಯೇ ಕರೆಯುತ್ತಿದ್ದ. ಬೆಂಕಿಪೊಟ್ಟಣದಷ್ಟು ದೊಡ್ಡದು, ಹೋದಲ್ಲೆಲ್ಲ ಗಾಳಿಯಲ್ಲಿ ಎಷ್ಟು ತೇವ, ಎಷ್ಟು ಬಿಸಿ ಎಂದು ಬರೆದುಕೊಳ್ಳುತ್ತದೆ. ಅವನ ಕೆಲಸ ಕುರಕುಂಭದ ಒಂದು ರಸಾಯನ ಕಾರಖಾನೆಯ ಒಣಗಿಸುವ ವಿಭಾಗದಲ್ಲಿ. ಅಲ್ಲಿಯ ಪುಡಿಗೆ ತೇವ ತಾಗಬಾರದು, ಅದಕ್ಕೇ ಗಾಳಿಯ ನೀರನ್ನೆಲ್ಲ ಹೀರಿ ತೆಗೆದಿರುತ್ತಾರೆ. "ನಮ್ಮ ಕಂಪನಿ ಪುಡಿ ಒಣಗಸ್ತದ, ಜೋಡಿಗೆ ನನ್ನೂ ಒಣಗಸ್ತದ" ಎನ್ನುತ್ತಿದ್ದ. ಮೂರು ವರ್ಷಕ್ಕೆ ಅವನ ಕಣ್ಣಲ್ಲಿ ಸದಾ ಮರಳು ಬಿದ್ದ ಹಾಗೆ ಆಗತೊಡಗಿತು. ಒಣಕಣ್ಣಿನ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಹತ್ತಿರದ ಕಣ್ಣಾಸ್ಪತ್ರೆಯೊಂದಕ್ಕೆ ತೀರಿಕೊಳ್ಳುವ ಒಂಬತ್ತು ವಾರ ಮೊದಲು ಅವನು ತಾನಾಗಿ ಹೆಸರು ಕೊಟ್ಟಿದ್ದ. ಅವರು ಅವನಿಗೆ ದಿನಕ್ಕೆರಡು ಸಲ ಹಾಕಿಕೊಳ್ಳುವ ಹನಿಯ ಬಾಟಲಿಗಳನ್ನು ಕೊಟ್ಟರು, ಒಂದು ದಿನಚರಿ ಕೊಟ್ಟರು, ಈ ಡಬ್ಬಿ ಕೊಟ್ಟರು. ಹನಿಯಲ್ಲಿ ಔಷಧವಿದೆಯೋ ಬರೀ ಉಪ್ಪುನೀರಿದೆಯೋ, ಅವನಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಎಲ್ಲರ ಸರದಿ ಮುಗಿದ ಮೇಲೆಯೇ ಗುಟ್ಟು ಒಡೆಯುವುದು.

ಡಬ್ಬಿಯ ಹಿಂದೆ ಚೀಟಿ ಅಂಟಿತ್ತು. ಇದು ಅಧ್ಯಯನಕ್ಕೆ ಸೇರಿದ್ದು, ಮುಗಿದ ಮೇಲೆ ಹಿಂತಿರುಗಿಸಿ.

ಹಾಗಾದರೆ ಈ ಹನ್ನೊಂದು ದಿನ ಇದು ಈ ಮನೆಯ ಗಾಳಿಯನ್ನೂ ಬರೆದುಕೊಂಡಿದೆ ಎಂದು ಕೇತಕಿಗೆ ಹೊಳೆಯಿತು. ಏನು ಬರೆದುಕೊಂಡಿರಬಹುದು? ಅವನನ್ನು ಮಣ್ಣು ಮಾಡಿ ಬಂದ ಮೇಲೆ ಏನನ್ನಾದರೂ ತಿಳಿದುಕೊಳ್ಳಬೇಕು ಎಂದು ಅವಳಿಗೆ ಅನ್ನಿಸಿದ್ದು ಇದೇ ಮೊದಲು. ಅವಳು ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದವಳು. ಈಗ ಸಂಜೆ ಎರಡು ತಾಸು, ರಾತ್ರಿ ಒಂಬತ್ತರಿಂದ ಹತ್ತು ಇನ್ನೊಂದು ತಾಸು, ಬೇರೆ ಬೇರೆ ಊರಿನ ಮಕ್ಕಳಿಗೆ ಕಂಪ್ಯೂಟರಿನ ಮುಂದೆ ಕೂತು ಜೀವಶಾಸ್ತ್ರ ಹೇಳಿಕೊಡುತ್ತಾಳೆ. ಹನ್ನೊಂದು ದಿನದಿಂದ ಅದೂ ಇಲ್ಲ.

ಫ್ರಿಜ್ಜಿನ ಬಾಗಿಲಿನಿಂದ ಹನಿಯ ಮೂರು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಕರೆಗಂಟೆ ಬಾರಿಸಿತು.

ಕಸ ಒಯ್ಯುವ ಮರೆಮ್ಮ. ಕೈಯಲ್ಲೊಂದು ಗಾಜಿನ ಬಾಟಲಿ.

"ಅಕ್ಕಾರ, ಇದು ನಿಮ್ಮ ಬಕೆಟ್‌ನ್ಯಾಗ ಇತ್ತು ನೋಡ್ರಿ. ತುಂಬಿದ್ ಬಾಟ್ಲಿ ಯಾರರ ಒಗೀತಾರೇನು? ಮುಚ್ಚಳ ಸಡ್ಲಾಗಿ ನನ್ನ ಗಾಡಿ ಎಲ್ಲಾ ಜಿಗಟ ಆಗೇತಿ." ಆಮೇಲೆ ಅವಳಿಗೆ ಈ ಮನೆಯಲ್ಲಿ ಏನಾಗಿದೆ ಎಂಬುದು ನೆನಪಾಗಿ ದನಿ ಇಳಿಸಿದಳು. "ಇರ್ಲಿ ಬಿಡ್ರಿ. ತೊಳಕೋತೀನಿ."

ಊರಿನ ಗಾಣದ ಔಡಲೆಣ್ಣೆ. ಪೇಟೆಯವರು ಹರಳೆಣ್ಣೆ ಎನ್ನುತ್ತಾರೆ. ಐದು ತಿಂಗಳ ಹಿಂದೆ ಶಿವಬಸವ್ವ ಮಗನ ಮನೆಗೆಂದು ಬಂದಾಗ ಟ್ರಂಕಿನಲ್ಲಿ ಸೀರೆಯ ನಡುವೆ ಸುತ್ತಿಕೊಂಡು ತಂದ ಬಾಟಲಿ. ನೆತ್ತಿಗೆ, ಮೊಣಕಾಲಿಗೆ, ಅಂಗಾಲಿಗೆ, ಎಲ್ಲಕ್ಕೂ ಅವರಿಗೆ ಅದೇ. ಅಂಥ ಬಾಟಲಿ ಕಸಕ್ಕೆ ಹೋಗಿತ್ತು.

"ಅತ್ತೀ, ಇದನ್ಯಾಕ ಒಗದ್ರಿ?"

ಶಿವಬಸವ್ವ ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಕೆಟ್ಟಿತ್ತು."

ಕೇತಕಿ ಮುಚ್ಚಳ ತೆಗೆದು ಮೂಸಿದಳು. "ಕೆಟ್ಟಿಲ್ಲಲ್ರೀ."

"ಕೇತಕಿ, ಅದನ್ನ ನನ್ನ ಕಣ್ಮುಂದಿಂದ ಒಯ್ಯಿ."

ಕೇತಕಿ ಒಯ್ಯಲಿಲ್ಲ. ಕೆಳಗೆ ಕೂತಳು. ಅವಳು ಬೇಗ ಎದ್ದು ಹೋಗುವ ಪೈಕಿಯಲ್ಲ ಎಂದು ಅತ್ತೆಗೂ ಗೊತ್ತಿತ್ತು. ಒಂದು ಗಡ್ಡೆ ಸುಲಿದಾಯಿತು, ಇನ್ನೊಂದು ಗಡ್ಡೆ ಸುಲಿದಾಯಿತು.

"ನೀ ರಾತ್ರಿ ಹುಡುಗರಿಗೆ ಪಾಠಾ ಹೇಳಾಕ ಕುಂಡರ್ತಿದ್ದೆಲ್ಲಾ," ಎಂದು ಶಿವಬಸವ್ವ ಶುರು ಮಾಡಿದರು, "ಆವಾಗ ಅಂವಾ ನಾ ಮಲಗೂ ಕೋಲ್ಯಾಕ ಬರ್ತಿದ್ದ. ಕಣ್ಣು ಉರೀತಾವ ಅಂತಿದ್ದ. ಕಿರಿಬೆರಳಲೆ ರೆಪ್ಪಿ ಅಂಚಿಗೆ ಒಂದೀಟು ಹಚ್ಚತಿದ್ದೆ. ಸಣ್ಣಾಂವಿದ್ದಾಗ ಹಚ್ಚತಿದ್ನೆಲ್ಲಾ, ಹಂಗ. ತಂಪಾತ್ಯವ್ವಾ ಅನಕೋತ ಹೋಗಿ ಮಲಗತಿದ್ದ."

"ದಿನಾ?"

"ನಾ ಬಂದಾಗಿಂದ ದಿನಾ. ಒಂದ ರಾತ್ರಿ ತಪ್ಪಿತು, ಅದೂ ಕಡೀ ರಾತ್ರಿ. ಕರೆಂಟ್ ಹೋಗಿತ್ತು, ನನಗ ನಿದ್ದಿ ಹತ್ತಿಬಿಟ್ಟಿತ್ತು. ಮುಂಜಾನೆ ಎದ್ದು ನೋಡತೀನಿ, ಕಣ್ಣು ಕೆಂಪಗ. ಬಾ ಅಂದ್ನಿ. ಒಲ್ಲೆ ಅಂದ, ಬಸ್ಸಿಗೆ ಹೊತ್ತಾಗತದ ಅಂದ. ನಾನ ಗದ್ದಾ ಹಿಡದು ಹಚ್ಚಿದೆ." ಅವರು ಬೆಳ್ಳುಳ್ಳಿಯ ತಟ್ಟೆ ಬದಿಗಿಟ್ಟರು. "ಎಣ್ಣಿ ಕಣ್ಣಾಗ ಮಂಜು ಕಟ್ಟತೈತಿ. ಆ ಟೆಂಪೋ ಅಂವಗ ಕಂಡಿರಾಕಿಲ್ಲ. ನಾನ ಕುಡ್ಡ ಮಾಡಿ ಕಳಿಸಿದೆ."

ಕೇತಕಿ ಅತ್ತೆಯ ಕೈ ಹಿಡಿಯಬೇಕಿತ್ತು. ಹಾಗೇನೂ ಇಲ್ಲ ಎನ್ನಬೇಕಿತ್ತು. ಊರಿನಿಂದ ಬಂದವರಾದರೆ ತಡಮಾಡದೆ ಅಂದುಬಿಡುತ್ತಿದ್ದರು. ಆದರೆ ಅವಳಿಗೆ ಅದು ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಹೇಳುವ ಶಕ್ತಿ ಅವಳಲ್ಲಿ ಆಗ ಇರಲಿಲ್ಲ.

"ಎಷ್ಟಕ್ಕ ಹಚ್ಚಿದ್ರಿ?" ಎಂದು ಕೇಳಿದಳು.

"ಏನು?"

"ಎಷ್ಟು ಗಂಟೇಕ?"

ಶಿವಬಸವ್ವ ಸೊಸೆಯ ಮುಖವನ್ನೇ ನೋಡಿದರು. "ಕೆಳಗ ನೀರಿನ ಮೋಟರ್ ಶುರು ಆತು. ಆವಾಗ."

ಸೊಸೈಟಿಯ ಮೋಟರು ಶುರುವಾಗುವುದು ಐದೂವರೆಗೆ. ಅವನು ಮನೆ ಬಿಟ್ಟದ್ದು ಆರಕ್ಕೆ. ಕರ್ವೆ ರಸ್ತೆಯಲ್ಲಿ ಕಂಪನಿ ಬಸ್ಸು ನಿಲ್ಲುವಲ್ಲಿಗೆ ಮೋಟರ್‌ಸೈಕಲ್ಲಿನಲ್ಲಿ ಹೋಗುವಾಗ ಗಲ್ಲಿಯೊಂದರಿಂದ ಟೆಂಪೋ ಹಿಂದಕ್ಕೆ ಬಂದು ಹೊಡೆದದ್ದು ಆರು ಇಪ್ಪತ್ತಕ್ಕೆ. ಪೊಲೀಸರ ಪಂಚನಾಮೆಯಲ್ಲಿ ಬರೆದಿದೆ. ಐವತ್ತು ನಿಮಿಷ. ರೆಪ್ಪೆಯಂಚಿಗೆ ಹಚ್ಚಿದ ಎಣ್ಣೆ ಐವತ್ತು ನಿಮಿಷ ಮಂಜು ಕಟ್ಟಿರುತ್ತದೆಯೇ?

"ನಾಳೆ ಮುಂಜಾನೆ ಮೋಟರ್ ಶುರು ಆದಾಗ ನನಗ ಹಚ್ರಿ," ಎಂದಳು ಕೇತಕಿ.

"ನಾ ಮುಟ್ಟಂಗಿಲ್ಲ ಅದನ್ನ."

"ನಾನ ಹಚ್ಚಿಕೊಂಡ್ರ ಲೆಕ್ಕ ತಪ್ಪತದ್ರಿ. ನನ್ನ ಬೆರಳು ನಿಮ್ಮ ಬೆರಳಲ್ಲ."

ಮರುದಿನ ಐದೂವರೆಗೆ ಮೋಟರು ಗುರುಗುಟ್ಟಿದಾಗ ಶಿವಬಸವ್ವ ಬಾಟಲಿ ಹಿಡಿದು ಬಂದು ನಿಂತಿದ್ದರು.

ಕೇತಕಿ ರಾತ್ರಿಯೇ ಸಿದ್ಧತೆ ಮಾಡಿಕೊಂಡಿದ್ದಳು. ಎದುರು ಗೋಡೆಯ ಮರಾಠಿ ಕ್ಯಾಲೆಂಡರಿನಿಂದ ನೆಲದ ಹನ್ನೆರಡು ಫರಸಿ ಕಲ್ಲಿನಷ್ಟು ದೂರಕ್ಕೆ ಕುರ್ಚಿ. ಅಲ್ಲಿಂದ ಅವಳಿಗೆ ದಪ್ಪ ತಾರೀಖು ಕಾಣುತ್ತದೆ, ಅದರ ಕೆಳಗೆ ತಿಥಿ, ಅದರ ಕೆಳಗೆ ನಕ್ಷತ್ರದ ಸಣ್ಣ ಅಕ್ಷರ. ಮೂರನ್ನೂ ಓದಿ ಹಾಳೆಯಲ್ಲಿ ಗುರುತು ಹಾಕಿದಳು. ಅತ್ತೆ ಗದ್ದ ಹಿಡಿದರು. ಕಿರಿಬೆರಳ ತುದಿ ಎಡದಿಂದ ಬಲಕ್ಕೆ ರೆಪ್ಪೆಯಂಚಿನ ಮೇಲೆ ಒಮ್ಮೆ ಜಾರಿತು. ಆಮೇಲೆ ಎರಡನೇ ಕಣ್ಣಿಗೆ.

"ಇಷ್ಟ?"

"ಇಷ್ಟ."

ಕಣ್ಣು ತೆರೆದರೆ ಕ್ಯಾಲೆಂಡರು ಹಬೆ ಹತ್ತಿದ ಕನ್ನಡಿಯಾಗಿತ್ತು. ತಾರೀಖು ಮಾತ್ರ ಕಪ್ಪು ಕಲೆಯ ಹಾಗೆ ಕಾಣುತ್ತಿತ್ತು. ಶಿವಬಸವ್ವ ಅವಳ ಮುಖ ನೋಡಿದವರೇ ನೆಲಕ್ಕೆ ಕೂತರು.

"ನಾ ಹೇಳಿದ್ನಿಲ್ಲ?"

"ಇನ್ನೂ ಒಂದ ನಿಮಿಷ ಆಗೇದ್ರಿ. ತಡೀರಿ."

ಐದು ನಿಮಿಷಕ್ಕೆ ತಾರೀಖು ತಿಳಿಯಾಯಿತು. ಹನ್ನೆರಡು ನಿಮಿಷಕ್ಕೆ ತಿಥಿ ಓದಲು ಬಂತು. ಮಿಟುಕಿಸಿದಂತೆಲ್ಲ ಎಣ್ಣೆ ಹರಡಿ ತೆಳುವಾಗುವುದನ್ನು ಅವಳು ಕುತೂಹಲದಿಂದ ಗಮನಿಸುತ್ತಿದ್ದಳು. ಇಪ್ಪತ್ತೈದನೆಯ ನಿಮಿಷಕ್ಕೆ ನಕ್ಷತ್ರ ಕಂಡಿತು. ಬಾಲ್ಕನಿಗೆ ಹೋಗಿ ಕೆಳಗೆ ನಿಂತ ಸ್ಕೂಟರುಗಳ ನಂಬರುಗಳನ್ನು ಸಾಲಾಗಿ ಓದಿದಳು. ಕಣ್ಣು ಎಂದಿಗಿಂತ ತಂಪಾಗಿತ್ತು. ಪ್ರೇಮಕುಮಾರ ಒಂದು ಸಲ ಊಟ ಮಾಡುತ್ತ ಹೇಳಿದ್ದು ನೆನಪಾಯಿತು: ಕಣ್ಣೀರು ಬರೀ ನೀರಲ್ಲ, ಅದರ ಮೇಲೊಂದು ಎಣ್ಣೆಯ ಪದರ ಇರುತ್ತದೆ. ರೆಪ್ಪೆಯಂಚಿನ ಸಣ್ಣ ಗ್ರಂಥಿಗಳು ಆ ಎಣ್ಣೆ ಸುರಿಸುತ್ತವೆ. ಅದು ಕಡಿಮೆಯಾದರೆ ನೀರು ಆರಿಹೋಗಿ ಕಾರ್ನಿಯಾ, ಎಂದರೆ ಕರಿಗುಡ್ಡೆಯ ಮೇಲಿನ ಗಾಜಿನಂಥ ಪೊರೆ, ಬತ್ತಲೆಯಾಗುತ್ತದೆ. ಅವನು ಅಷ್ಟೆಲ್ಲ ತಿಳಿದುಕೊಂಡಿದ್ದ. ಅವ್ವ ಹಚ್ಚುವುದನ್ನು ಮಾತ್ರ ಅದರ ಜೊತೆ ಕೂಡಿಸಿ ನೋಡಿರಲಿಲ್ಲ.

ಒಂದು ಸಲ ನೋಡಿದ್ದು ನೋಡಿದ್ದಲ್ಲ ಎಂದು ಅವಳಿಗೆ ಕಲಿಸಿದ್ದರು. ಇನ್ನೆರಡು ಬೆಳಿಗ್ಗೆ ಹಾಗೆಯೇ ಮಾಡಿದಳು. ಮೂರನೇ ದಿನ ಗಡಿಯಾರ ಹಿಡಿದವರು ಶಿವಬಸವ್ವ.

"ಇಪ್ಪತ್ನಾಕು ಆತು. ಓದು."

"ರೋಹಿಣಿ."

"ಕ್ಯಾಲೆಂಡರ್ ಬಾಯಿಪಾಠ ಮಾಡೀಯೇನ ಮತ್ತ?"

"ತಿಂಗಳ ಹಾಳಿ ತಿರುವೀನಿ. ಇದು ಮುಂದಿನ ತಿಂಗಳದ್ದು."

ಶಿವಬಸವ್ವ ಗಡಿಯಾರ ಕೆಳಗಿಟ್ಟರು. ಆಮೇಲೆ, "ನಿನ್ನ ಕಣ್ಣು ಗಟ್ಟಿ ಅದಾವ. ಅಂವನ ಕಣ್ಣು ಬ್ಯಾನಿ ಕಣ್ಣು. ನಿನಗ ಇಪ್ಪತ್ತೈದಾದ್ರ ಅಂವಗ ತಾಸೂ ಆಗಿರಬಹುದು," ಎಂದರು.

ಅದು ಸರಿಯಾದ ಮಾತಾಗಿತ್ತು. ಅವನ ಕಣ್ಣಿಗೆ ಎಷ್ಟು ಹೊತ್ತು ಎಂದು ಹೇಳಬಲ್ಲದ್ದು ಒಂದೇ ಒಂದು, ಅವನ ದಿನಚರಿ; ಅದನ್ನು ಅವಳು ಈತನಕ ಚೀಲದಿಂದ ಹೊರತೆಗೆದಿರಲಿಲ್ಲ.

ದಿನಚರಿಯಲ್ಲಿ ದಿನಕ್ಕೊಂದು ಪುಟ, ಬೆಳಿಗ್ಗೆಗೆ ಅರ್ಧ, ರಾತ್ರಿಗೆ ಅರ್ಧ. ಹನಿ ಹಾಕಿದ ಸಮಯ, ಗುರುತು ಹಾಕಿದ ಸಮಯ. ಉರಿಗೆ ಒಂದು ಗೆರೆ, ಮಂಜಿಗೆ ಒಂದು ಗೆರೆ. ತಲಾ ಹತ್ತು ಸೆಂಟಿಮೀಟರ್. ಏನೂ ಇಲ್ಲದಿದ್ದರೆ ಎಡತುದಿಗೆ, ತಡೆಯಲಾಗದಷ್ಟಿದ್ದರೆ ಬಲತುದಿಗೆ, ನಡುವೆ ಎಲ್ಲಿ ಅನ್ನಿಸುತ್ತದೋ ಅಲ್ಲಿ ಒಂದು ಗೀಟು ಎಳೆಯಬೇಕು. ಕೊನೆಗೊಂದು ಪ್ರಶ್ನೆ: ಕಣ್ಣಿಗೆ ಬೇರೆ ಯಾವುದಾದರೂ ಔಷಧ ಬಳಸಿದಿರಾ? ಒಂಬತ್ತು ವಾರವೂ ಅವನ ಓರೆ ಅಕ್ಷರದಲ್ಲಿ ಇಲ್ಲ, ಇಲ್ಲ, ಇಲ್ಲ. ಅವನು ಸುಳ್ಳು ಹೇಳುವವನಲ್ಲ. ಅವ್ವನ ಔಡಲೆಣ್ಣೆ ಔಷಧ ಎಂದು ಅವರ ಓಣಿಯಲ್ಲಿ ಯಾರೂ ಅಂದುಕೊಳ್ಳುವುದಿಲ್ಲ. ಕೇಳಿದ್ದರೆ ಅವಳೂ ಇಲ್ಲ ಎಂದೇ ಬರೆಯುತ್ತಿದ್ದಳೇನೋ.

ಅವಳು ಸ್ಕೇಲು ತಂದಳು. ಎಣ್ಣೆ ಹಚ್ಚಿಸಿಕೊಂಡು ಮಲಗುವಾಗ ಹಾಕಿದ ರಾತ್ರಿಯ ಮಂಜಿನ ಗೀಟುಗಳೆಲ್ಲ ಐವತ್ತೆಂಟು, ಅರವತ್ತು, ಅರವತ್ತೆರಡು ಮಿಲಿಮೀಟರ್. ಬೆಳಗಿನವು ಎರಡು, ಮೂರು. ಒಂದೇ ಬಾಟಲಿಯ ಹನಿ, ರಾತ್ರಿಗೆ ಅಷ್ಟು, ಬೆಳಿಗ್ಗೆಗೆ ಇಷ್ಟು. ಒಂದೇ ಒಂದು ರಾತ್ರಿ ಗೀಟು ಬರೀ ನಾಲ್ಕು ಮಿಲಿಮೀಟರಿಗಿತ್ತು. ಅದು ಕರೆಂಟು ಹೋದ ರಾತ್ರಿ.

ಮರುದಿನ ಬೆಳಗಿನ ಸಮಯ ಐದು ಐವತ್ತೈದು ಎಂದು ಬರೆದಿತ್ತು. ಎಣ್ಣೆ ಹಚ್ಚಿ ಇಪ್ಪತ್ತೈದು ನಿಮಿಷ. ಅವಳು ಸ್ಕೇಲನ್ನು ಎರಡು ಸಲ ಇಟ್ಟಳು. ಎಂಟು ಮಿಲಿಮೀಟರ್.

ಸೊನ್ನೆಯಲ್ಲ. ಅರವತ್ತೂ ಅಲ್ಲ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕೇತಕಿ ಗೀಟನ್ನು ತೋರಿಸಿದಳು, ಏನೆಂದು ಹೇಳಿದಳು. ಶಿವಬಸವ್ವ ಶಾಲೆಯಲ್ಲಿ ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಅವರು ಬೆರಳನ್ನು ಗೀಟಿನ ಮೇಲಿಡದೆ ಅದರ ಪಕ್ಕದಲ್ಲಿ ಇಟ್ಟರು.

"ಈ ದವಾಖಾನಿ ಡಾಕ್ಟರಿಗೆ ಇದು ಗೊತ್ತೇನು?"

"ಎಣ್ಣಿ ಸುದ್ದಿ ಗೊತ್ತಿಲ್ರಿ. ಹೇಳಿದ್ರ ಅವ್ರ ಲೆಕ್ಕ ಕೆಡತದ. ಅವರ ಹನಿಯಿಂದ ಗುಣ ಆಯ್ತೋ ನಿಮ್ಮ ಎಣ್ಣಿಯಿಂದ ಆಯ್ತೋ ಅಂತ ಗೊತ್ತಾಗೂದಿಲ್ಲ. ಪ್ರೇಮನ್ನ ಪಟ್ಟಿಯಿಂದ ತಗದೂ ಬಿಡಬಹುದು."

ಆಸ್ಪತ್ರೆಯವರು ಪ್ರತಿ ಭೇಟಿಯಲ್ಲೂ ಅವನ ಕಣ್ಣಿಗೆ ಹಳದಿ ಬಣ್ಣ ಹಾಕಿ, ಕಣ್ಣು ಮಿಟುಕಿಸದೆ ಕೂರಿಸಿ, ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದು ನೋಡುತ್ತಿದ್ದರು. ಮೊದಲ ಭೇಟಿಗೆ ಮೂರು ಸೆಕೆಂಡು ಇದ್ದದ್ದು ನಾಲ್ಕನೆಯದಕ್ಕೆ ಒಂಬತ್ತಾಗಿತ್ತು. ಅವನು ಪೇಢೆ ತಂದಿದ್ದ. ನಾನು ಅವರ ಮೆರಿಟ್ ವಿದ್ಯಾರ್ಥಿ ಎಂದಿದ್ದ.

"ಹೇಳದಿದ್ರ?"

"ಹೇಳದಿದ್ರ ಪಟ್ಟ್ಯಾಗ ಇರ್ತಾನ. ಆದ್ರ ಆ ಎಂಟು ಮಿಲಿಮೀಟರ್ ಅಂದ್ರ ಎಷ್ಟು ಅಂತ ನಾವು ಕೇಳಾಕ ಬರೂದಿಲ್ಲ."

ಶಿವಬಸವ್ವ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು.

ಕಣ್ಣಾಸ್ಪತ್ರೆಯ ಸಂಶೋಧನೆಯ ಕೋಣೆ ಎರಡನೇ ಮಹಡಿಯ ಮೂಲೆಯಲ್ಲಿತ್ತು. ಡಾಕ್ಟರ್ ರಂಜನಾ ಸೊಲ್ಲಾಪುರದವರು, ಕನ್ನಡ ಮನೆಮಾತು. ಎದ್ದು ನಿಂತು ಇಬ್ಬರಿಗೂ ಕುರ್ಚಿ ಎಳೆದರು. ಅವರು ಸಮಾಧಾನದ ಮಾತು ಶುರು ಮಾಡುವ ಮೊದಲೇ ಶಿವಬಸವ್ವ ಸೆರಗಿನೊಳಗಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ಡಾಕ್ಟರ್ ಬಾಯಾರ, ನಿಮ್ಮ ಔಷಧದ ಜೋಡಿಗೆ ನಾ ದಿನಾ ರಾತ್ರಿ ಇದನ್ನ ಹಚ್ಚೇನಿ. ನನ್ನ ಮಗಗ ಇದು ಬರಿಯೂದು ಅಂತ ತಿಳೀಲಿಲ್ಲ. ಅಂವಾ ಸುಳ್ಳ ಬರದಿಲ್ಲ, ತಪ್ಪ ತಿಳಕೊಂಡಾನ."

ರಂಜನಾ ಬಾಟಲಿ ನೋಡಿದರು, ದಿನಚರಿ ತೆರೆದರು, ಪುಟ ತಿರುವಿದರು. ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ. ಬಹಳ ದಿನ ಸಿಗದ ಕೀಲಿಕೈ ಸಿಕ್ಕವರ ಹಾಗೆ ಅವರು ಹಿಂದಕ್ಕೆ ಒರಗಿದರು.

"ಈ ರಾತ್ರಿ ಗೆರಿ ನಮಗ ಒಗಟಾಗಿತ್ರಿ. ಹಿಂದಿನ ಭೇಟಿ ಒಳಗ ಕಂಡಿತ್ತು. ಎರಡು ಸಲ ಫೋನ್ ಮಾಡಿ ಕೇಳೀವಿ, ರಾತ್ರಿ ಬ್ಯಾರೆ ಏನರ ಹಾಕ್ತೀರೇನು ಅಂತ. ಏನೂ ಇಲ್ರಿ ಮೇಡಂ, ನಮ್ಮವ್ವ ಬೈತಾಳ ಅಷ್ಟ ಅಂದಿದ್ರು." ಅವರು ಒಂದು ಗಾಜಿನ ಪಟ್ಟಿಯನ್ನು ಮುಂದೆ ಸರಿಸಿದರು. "ಅವ್ವಾರ, ಎಷ್ಟು ಹಚ್ಚತಿದ್ರಿ? ಇದರ ಮ್ಯಾಲೆ ತೋರಸ್ರಿ."

ಶಿವಬಸವ್ವ ಕಿರಿಬೆರಳನ್ನು ಅದ್ದಿ ಗಾಜಿನ ಮೇಲೆ ಒಂದು ಸಣ್ಣ ಗೆರೆ ಎಳೆದರು.

ಕೇತಕಿ ತನ್ನ ಮೂರು ಬೆಳಗಿನ ಹಾಳೆಯನ್ನು ಕೊಟ್ಟಳು. ರಂಜನಾ ಅದನ್ನು ಮೇಲಿಂದ ಕೆಳಗಿನವರೆಗೂ ಓದಿದರು. "ತಿಂಗಳ ಹಾಳಿ ತಿರುವಿದ್ದು ಛಲೋ ಮಾಡೀರಿ," ಎಂದರು. "ಆದ್ರ ಮನಿ ಎಣ್ಣಿ ಕಣ್ಣಿಗೆ ಇನ್ನ ಬ್ಯಾಡ್ರಿ. ಕಣ್ಣಿಗೆ ಹಾಕೂ ಎಣ್ಣಿ ಬ್ಯಾರೆ ರೀತಿ ಶುದ್ಧ ಮಾಡಿರ್ತಾರ."

"ಪ್ರೇಮನ್ನ ಪಟ್ಟಿಯಿಂದ ತಗೀತೀರೇನ್ರಿ?" ಕೇತಕಿ ಕೇಳಿದಳು.

"ಪೂರ್ತಿ ತಗಿಯೂದಿಲ್ಲ. ಎರಡು ಲೆಕ್ಕ ಮಾಡ್ತೀವಿ. ನಿಯಮದ ಪ್ರಕಾರ ನಡದವರದ್ದು ಒಂದು, ಅದರಾಗ ಇರೂದಿಲ್ಲ. ಸೇರಿಕೊಂಡವರೆಲ್ಲಾರದ್ದು ಇನ್ನೊಂದು, ಅದರಾಗ ಇರ್ತಾರ. ಎಣ್ಣಿ ಸುದ್ದಿ ಹಿಂಗಿತ್ತು ಅಂತ ಪಕ್ಕಕ್ಕ ಬರದಿಡ್ತೀವಿ. ಅವರು ಬರದ 'ಇಲ್ಲ' ಅಳಸೂದಿಲ್ಲ."

"ಎಂಟು ಮಿಲಿಮೀಟರ್ ಅಂದ್ರ ಎಷ್ಟ್ರಿ?" ಇದನ್ನು ಕೇಳಿದ್ದು ಶಿವಬಸವ್ವ.

ರಂಜನಾ ಹಳೆಯ ಭೇಟಿಗಳ ಹಾಳೆ ತೆಗೆದರು. ಎರಡನೆಯ ಭೇಟಿಯ ದಿನ ಅವನು ಮಂಜಿನ ಗೆರೆಯ ಮೇಲೆ ಒಂಬತ್ತು ಮಿಲಿಮೀಟರಿಗೆ ಗೀಟು ಹಾಕಿದ್ದ. ಅದೇ ದಿನ ಅಕ್ಷರದ ಫಲಕ ಓದಿಸಿದ್ದರು.

"ಒಂಬತ್ತು ಇದ್ದ ದಿನಾ ಅವರು ಕಡೀ ಸಾಲಿನ ಮ್ಯಾಲಿನ ಸಾಲು ಪೂರಾ ಓದ್ಯಾರ. ಅಂದ್ರ ಗಾಡಿ ನಂಬರ್ ದೂರಿಂದ ಕಾಣತದ. ಟೆಂಪೋ ಅಂತೂ ಕಾಣಬೇಕು. ಅದರ ಮ್ಯಾಲೆ ಇನ್ನೂ ಇಪ್ಪತ್ತೈದು ನಿಮಿಷ ಹೋಗೇದ. ಆ ದಿನದ ಆ ಗಳಿಗಿ ನಾ ನೋಡಿಲ್ರಿ, ಅದಕ್ಕ ನೂರಕ್ಕ ನೂರು ಅನ್ನೂದಿಲ್ಲ. ಆದ್ರ ನಿಮ್ಮ ಎಣ್ಣಿ ಅವರನ್ನ ಕುಡ್ಡ ಮಾಡಿರ್ಲಿಲ್ಲ. ಇಷ್ಟು ನಾ ಬರದೂ ಕೊಡ್ತೀನಿ."

ಶಿವಬಸವ್ವ ತಲೆಯಾಡಿಸಿದರು. ಎದೆಯ ಮೇಲಿದ್ದದ್ದು ಇಳಿದಂತೆ ಕಂಡಿತು. ಆಮೇಲೆ ಅವರ ಮುಖ ಬೇರೆಯಾಯಿತು.

"ಹಂಗಾರ ಅಂವಗ ಕಂಡೈತಿ," ಎಂದರು ಮೆಲ್ಲಗೆ. "ಟೆಂಪೋ ಬರೂದು ಅಂವಗ ಕಂಡೈತಿ."

ಕೇತಕಿ ಕೈ ಚಾಚಿ ಅತ್ತೆಯ ಎಣ್ಣೆ ಬೆರಳನ್ನು ತನ್ನ ಸೆರಗಿನ ತುದಿಯಿಂದ ಒರೆಸಿದಳು, ಒರೆಸಿದ ಮೇಲೂ ಬಿಡಲಿಲ್ಲ.

ಸಾಮಾನು ವಾಪಸು ಪಡೆಯುವವನು ಸ್ವಪ್ನಿಲ್ ಎಂಬ ಮರಾಠಿ ತರುಣ, ಅಧ್ಯಯನದ ಕಾಗದಪತ್ರವೆಲ್ಲ ಅವನ ಕೈಯಲ್ಲಿ. ಬಾಟಲಿಗಳನ್ನು ಒಂದೊಂದಾಗಿ ತೂಗಿದ. ದಿನಚರಿಗೆ ಮುದ್ರೆ ಹಾಕಿದ. ಹನಿಯಲ್ಲಿ ಏನಿತ್ತು ಎಂದು ಕೇತಕಿ ಮರಾಠಿಯಲ್ಲಿ ಕೇಳಿದಳು. ಅವನು ತನಗೂ ಗೊತ್ತಿಲ್ಲವೆಂದ; ಬರುವ ಮಾರ್ಚಿಗೆ ಎಲ್ಲರದೂ ಒಟ್ಟಿಗೆ ತೆರೆಯುತ್ತಾರೆ, ಆಗ ಫೋನು ಮಾಡುತ್ತೇನೆ ಎಂದ. ಅವಳು ತನ್ನ ನಂಬರು ಬರೆದುಕೊಟ್ಟಳು. ಮಾರ್ಚಿಗೆ ಕಾಯುವಂಥದ್ದು ಒಂದಾದರೂ ಇರುತ್ತದೆ.

ಡಬ್ಬಿ ಉಳಿದಿತ್ತು. ಅದರ ಕೊಕ್ಕೆ ಎಂದೋ ಮುರಿದು, ಪ್ರೇಮಕುಮಾರ ಅವ್ವನ ಹೊಲಿಗೆಯ ಪೆಟ್ಟಿಗೆಯಿಂದ ಬಿಳಿ ದಾರ ತೆಗೆದು ಚೀಲಕ್ಕೆ ಕಟ್ಟಿಕೊಂಡಿದ್ದ. ಕೇತಕಿ ಗಂಟು ಬಿಚ್ಚಿದಳು. ಅವನು ಗಂಟು ಹಾಕಿದರೆ ಸುಲಭಕ್ಕೆ ಬಿಚ್ಚಲು ಬರುತ್ತಿರಲಿಲ್ಲ. ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ಉಗುರಿನಿಂದ ಬಹಳ ಹೊತ್ತು ಕೆದರಬೇಕಾಯಿತು. ದಾರವನ್ನು ಅತ್ತೆಗೆ ಕೊಟ್ಟಳು. ಡಬ್ಬಿಯನ್ನು ಸ್ವಪ್ನಿಲನ ಅಂಗೈಯಲ್ಲಿಟ್ಟಳು.

ಅವನು ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಪರದೆಯ ಮೇಲೆ ತೇವದ ಒಂದು ಗೆರೆ ಹರಿಯಿತು. ಕಾರಖಾನೆಯ ದಿನಗಳು ಆಳಕ್ಕೆ ಇಳಿದ ಬಾವಿಗಳ ಹಾಗೆ, ಮನೆಯ ರಾತ್ರಿಗಳು ನಡುವಿನ ದಿಬ್ಬಗಳ ಹಾಗೆ. ಆಮೇಲೆ ಬಾವಿಗಳು ನಿಂತುಹೋಗಿದ್ದವು. ಹನ್ನೊಂದು ದಿನ ಗೆರೆ ಮೇಲೇ ಇತ್ತು. ಅಷ್ಟು ಮಂದಿಯ ಉಸಿರು, ಅಷ್ಟು ಚಹಾದ ಹಬೆ. ಆಮೇಲಿನ ಮೂರು ದಿನ ಕೆಳಗಿಳಿದು ಸಪಾಟು. ಕಟ್ಟಕಡೆಯಲ್ಲಿ, ಈಗಷ್ಟೇ, ಅದು ಚೂಪಾಗಿ ಮೇಲಕ್ಕೆ ಹಾರಿತ್ತು.

"ಹೇ ಕಾಯ್?" ಇದೇನು ಎಂದು ಸ್ವಪ್ನಿಲ್ ಆ ತುದಿಯನ್ನು ತೋರಿಸಿ ಕೇಳಿದ.

ಕೇತಕಿ ತನ್ನ ಅಂಗೈ ತೆರೆದು ನೋಡಿಕೊಂಡಳು. ಒದ್ದೆಯಾಗಿತ್ತು.

"ಅದು ನನ್ನ ಕೈ," ಎಂದಳು. "ಹಂಗ ಬರಕೋರಿ." ಕನ್ನಡದಲ್ಲಿ ಹೇಳಿದ್ದು ಆಮೇಲೆ ತಿಳಿದು, ಇನ್ನೊಮ್ಮೆ ಮರಾಠಿಯಲ್ಲಿ ಹೇಳಿ, ಅವನು ಸರಿಸಿದ ಹಾಳೆಯಲ್ಲಿ ಹಿಂತಿರುಗಿಸಿದವರು ಎಂದಿದ್ದ ಕಡೆ ಸಹಿ ಮಾಡಿದಳು.